ಹೊರದೇಶದ ಓದಿಗೆ ಹಣ: ಮನೆ ಅಡವಿಡೋದಾ, ಸಂಬಳದ ಮೇಲೆ ಸಾಲವಾ, ಡಾಲರ್ ಸಾಲವಾ?

"ಸಾರ್, ತೋಟ ಅಂದ್ರೆ ಹೆಂಗಿದೆ ಗೊತ್ತಾ? ನಾಲ್ಕೆಕರೆ, ಇನ್ನೂರೈವತ್ತು ಫಲದ ಮರ. ಕೋಟಿ ಕೊಡ್ತೀನಿ ಅಂದ್ರೂ ನಾನು ಬಿಡಲ್ಲ. ಅದ್ರ ಮೇಲೆ ನಲವತ್ತು ಲಕ್ಷ ಕೊಡಕ್ಕಾಗಲ್ವಾ?"

ನಾನು ಬ್ಯಾಂಕಿನಿಂದ ನಿವೃತ್ತನಾಗುವುದಕ್ಕೆ ಒಂದೂವರೆ ವರ್ಷ ಮುಂಚಿನ ಮಾತಿದು. ತಿಪಟೂರು ಸೀಮೆಯ ಯಜಮಾನರೊಬ್ಬರು ಜವಳಿ ಅಂಗಡಿಯ ಕೈಚೀಲದಿಂದ ಪಹಣಿ, ಮ್ಯುಟೇಷನ್, ಪಾಲುಪಟ್ಟಿ ಎಲ್ಲ ತೆಗೆದು ನನ್ನ ಮೇಜಿನ ಮೇಲೆ ಹರಡಿದ್ದರು. ಪಕ್ಕದಲ್ಲಿ ಮಗಳು. ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿ ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಸೀಟು ಗಿಟ್ಟಿಸಿದ್ದಳು. ಕ್ಲಾಸು ಆಗಸ್ಟಿನಲ್ಲಿ ಶುರು. ಅವರು ನನ್ನ ಹತ್ತಿರ ಬಂದದ್ದು ಏಪ್ರಿಲ್ ಕೊನೆಯಲ್ಲಿ.

ತೋಟದ ಮೇಲೆ ಆಗುವುದಿಲ್ಲ ಎಂದೆ. ಸಾಲ ಸುಸ್ತಿಯಾದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟ, ಗದ್ದೆಗಳನ್ನು ಅಡಮಾನವಾಗಿ ಬ್ಯಾಂಕುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಯಜಮಾನರ ಮುಖ ಸಪ್ಪಗಾಯಿತು. ಕೋಟಿ ಬಾಳುವ ಆಸ್ತಿ ಈ ಕೆಲಸಕ್ಕೆ ಸೊನ್ನೆ ಎಂದು ಒಬ್ಬ ರೈತನಿಗೆ ಹೇಳುವುದು ನನಗೂ ಹಿತವಾದ ಕೆಲಸವಾಗಿರಲಿಲ್ಲ.

ಹೊರದೇಶದ ಓದಿಗೆ ಸಾಲ ಹುಡುಕುವವರು ಮೊದಲು ಕೇಳುವುದೇ "ಬಡ್ಡಿ ಎಷ್ಟು ಸಾರ್?" ಎಂದು. ಬಡ್ಡಿ ಮುಖ್ಯವೇ. ಆದರೆ ನಾಲ್ಕಾರು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನಾನು ಮೊದಲು ಕೇಳುವುದು ಬೇರೆ: ಓದು ಮುಗಿದು ಕೆಲಸ ಸಿಗಲಿಲ್ಲ ಎಂದಿಟ್ಟುಕೊಳ್ಳಿ, ಆಗ ಈ ಸಾಲ ಯಾರ ತಲೆಗೆ ಬರುತ್ತೆ? ಮನೆಗಾ, ಅಪ್ಪ ಅಮ್ಮನ ಸಂಬಳಕ್ಕಾ, ಮಗುವಿಗೊಂದಕ್ಕೇನಾ? ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ಸಾಲಕ್ಕಿಂತ ಮುಂಚೆ ದೇಶ

ಎಷ್ಟು ಸಾಲ ಬೇಕು ಎನ್ನುವುದನ್ನು ಬ್ಯಾಂಕಿಗಿಂತ ಮೊದಲು ನಿಮ್ಮ ದೇಶದ ಆಯ್ಕೆಯೇ ತೀರ್ಮಾನಿಸಿಬಿಡುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸಬರಿಗೆ ಶುಲ್ಕ ಹಾಕಿದೆ. ಉಳಿದ ಕಡೆ ಮುಖ್ಯ ಖರ್ಚೆಂದರೆ ಜೀವನದ್ದು. ಅದಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಮೊದಲೇ ಇಡಬೇಕು. ಯೂರೋ ನೂರು ರೂಪಾಯಿ ಎಂದು ಹಿಡಿದರೆ ಸುಮಾರು 12 ಲಕ್ಷ. ಅದು ಕಟ್ಟಿಬಿಟ್ಟ ಫೀಸಿನ ಹಾಗೆ ಹೋಗುವ ದುಡ್ಡಲ್ಲ, ತಿಂಗಳಿಗೆ 992 ಯೂರೋದಂತೆ ನಿಮ್ಮ ಮಗುವಿನ ಕೈಗೇ ವಾಪಸ್ ಬರುತ್ತದೆ.

ಕೆನಡಾದಲ್ಲಿ 2025ರ ಸೆಪ್ಟೆಂಬರಿನಿಂದ, ಫೀಸು ಬಿಟ್ಟು, ಒಬ್ಬರ ಜೀವನಕ್ಕೇ 22,895 ಕೆನಡಿಯನ್ ಡಾಲರ್ ತೋರಿಸಬೇಕು. ಬ್ರಿಟನ್ನಿನಲ್ಲಿ ಫೀಸಿನ ಬಾಕಿಯ ಜೊತೆಗೆ ಒಂಬತ್ತು ತಿಂಗಳ ಜೀವನ ಖರ್ಚು ಖಾತೆಯಲ್ಲಿ 28 ದಿನ ಕದಲದೆ ಕೂತಿರಬೇಕು. ಲಂಡನ್ನಿಗೂ ಅದರ ಹೊರಗಿನ ಊರುಗಳಿಗೂ ಲೆಕ್ಕ ಬೇರೆ ಬೇರೆ. ಅಮೆರಿಕದಲ್ಲಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೇಲೆ ಮೊದಲ ವರ್ಷದ ಅಂದಾಜು ಖರ್ಚು ಅಚ್ಚಾಗಿರುತ್ತದೆ, ಅಷ್ಟಕ್ಕೆ ಹಣದ ಮೂಲ ತೋರಿಸಬೇಕು.

ಇಲ್ಲೇ ಒಂದು ಎಚ್ಚರಿಕೆ. ಜರ್ಮನಿ ಎಂದು ಹೇಳಿ ಅಲ್ಲಿನ ಖಾಸಗಿ ಕಾಲೇಜಿಗೆ ಸೇರಿಸುವ ಏಜೆಂಟರಿದ್ದಾರೆ. ಅಲ್ಲಿ ಫೀಸು ಲಕ್ಷಗಟ್ಟಲೆ ಇರುತ್ತದೆ. "ಜರ್ಮನಿ ಫ್ರೀ" ಎನ್ನುವ ಮಾತು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮಾತ್ರ ಅನ್ವಯ.

ಸರ್ಕಾರಿ ಬ್ಯಾಂಕು: ಬಡ್ಡಿ ಕಡಿಮೆ, ಕಾಗದ ಜಾಸ್ತಿ

ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲದ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ 4 ಲಕ್ಷದವರೆಗೆ ಜಾಮೀನು ಬೇಡ, 7.5 ಲಕ್ಷದವರೆಗೆ ಆಸ್ತಿ ಬೇಡ. ಅದನ್ನು ದಾಟಿದರೆ ಆಸ್ತಿಯ ಅಡಮಾನ. ಹೊರದೇಶದ ಓದು 7.5 ಲಕ್ಷದೊಳಗೆ ಮುಗಿಯುವುದು ಅಪರೂಪ, ಆದ್ದರಿಂದ ನಮ್ಮ ಮಾತು ಬರುವುದು ಅಡಮಾನಕ್ಕೇ. ಸ್ಟೇಟ್ ಬ್ಯಾಂಕಿನ ಗ್ಲೋಬಲ್ ಎಡ್-ವಾಂಟೇಜ್‌ನಂಥ ಯೋಜನೆಗಳಿರುವುದು ಈ ದೊಡ್ಡ ಮೊತ್ತಕ್ಕಾಗಿ. ತೀರಾ ಹೆಸರುವಾಸಿ ವಿಶ್ವವಿದ್ಯಾಲಯಗಳ ಪಟ್ಟಿಯೊಂದನ್ನು ಕೆಲವು ಬ್ಯಾಂಕುಗಳು ಇಟ್ಟುಕೊಂಡಿರುತ್ತವೆ. ನಿಮ್ಮ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದ್ದರೆ ಆಸ್ತಿ ಇಲ್ಲದೆಯೂ ದೊಡ್ಡ ಸಾಲ ಸಿಗಬಹುದು. ಮೊದಲು ಅದನ್ನು ಕೇಳಿ, ಆಮೇಲೆ ಮನೆಯ ಕಾಗದ ಹೊರತೆಗೆಯಿರಿ.

ಈ ಸಾಲದ ಗುಣಗಳು ಕಡಿಮೆಯೇನಲ್ಲ. ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆ ಕಾಲದ ಬಡ್ಡಿ ಸರಳ ಬಡ್ಡಿ, ಚಕ್ರಬಡ್ಡಿ ಅಲ್ಲ. ತೀರಿಸಲು 15 ವರ್ಷದವರೆಗೆ ಅವಕಾಶ. ಹೆಣ್ಣುಮಕ್ಕಳಿಗೆ ಹಲವು ಬ್ಯಾಂಕುಗಳಲ್ಲಿ ಶೇ. 0.5 ರಿಯಾಯಿತಿ. ಜೊತೆಗೆ ಒಳಗಿನವರಿಗಷ್ಟೇ ಗೊತ್ತಿರುವ ಒಂದು ಅನುಕೂಲ: 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಫ್ಲೋಟಿಂಗ್ (ಏರಿಳಿಯುವ) ದರದ ಚಿಲ್ಲರೆ ಸಾಲಗಳನ್ನು ರೆಪೋದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಕಟ್ಟಿಹಾಕಲೇಬೇಕು. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೋವನ್ನು ಶೇ. 6.5ರಿಂದ 5.25ಕ್ಕೆ ಇಳಿಸಿದಾಗ ಇಂಥ ಸಾಲಗಾರರು ಅರ್ಜಿ ಹಾಕದೆಯೇ ಬಡ್ಡಿ ಇಳಿಯಿತು. ಎನ್‌ಬಿಎಫ್‌ಸಿಗಳಿಗೆ, ಅಂದರೆ ಬ್ಯಾಂಕಲ್ಲದ ಹಣಕಾಸು ಸಂಸ್ಥೆಗಳಿಗೆ, ಈ ಕಟ್ಟಳೆ ಇಲ್ಲ.

ಕೊರತೆ ಎರಡು. ಒಂದು, ಮಾರ್ಜಿನ್. ಖರ್ಚಿನ ಶೇ. 15ನ್ನು ನೀವೇ ಹಾಕಬೇಕು. ಸ್ಕಾಲರ್‌ಶಿಪ್ ಬಂದಿದ್ದರೆ ಅದನ್ನು ಮಾರ್ಜಿನ್ನಿಗೆ ಲೆಕ್ಕ ಹಿಡಿಯುತ್ತಾರೆ, ಕೇಳಿ. ಎರಡನೆಯದು ಕಾಗದ, ನಮ್ಮ ಜನ ಮುಗ್ಗರಿಸುವುದೇ ಅಲ್ಲಿ.

ಯಜಮಾನರಿಗೆ ತೋಟ ಬಿಟ್ಟರೆ ತಿಪಟೂರಿನಲ್ಲಿ ಒಂದು ಮನೆಯಿತ್ತು. ಒಳ್ಳೆಯ ಜಾಗ, ಮೌಲ್ಯಮಾಪಕರು ನೋಡಿದ್ದರೆ ಅರವತ್ತು ಲಕ್ಷಕ್ಕೆ ಕಡಿಮೆ ಹೇಳುತ್ತಿರಲಿಲ್ಲ. ಆದರೆ ಖಾತೆ ಇನ್ನೂ ಅವರ ತಂದೆಯ ಹೆಸರಿನಲ್ಲಿತ್ತು. ತಂದೆ ತೀರಿಕೊಂಡು ಹನ್ನೊಂದು ವರ್ಷ. ಯಜಮಾನರಿಗೆ ಇಬ್ಬರು ಅಕ್ಕತಂಗಿಯರು, ಒಬ್ಬರು ಅರಸೀಕೆರೆಯಲ್ಲಿ, ಇನ್ನೊಬ್ಬರು ದಾವಣಗೆರೆಯಲ್ಲಿ. "ಅವ್ರಿಗೆ ಮದ್ವೆಲೇ ಎಲ್ಲ ಕೊಟ್ಟಾಗಿದೆ ಸಾರ್" ಎಂದರು. ಮದುವೆಯಲ್ಲಿ ಏನು ಕೊಟ್ಟರು ಎಂಬುದನ್ನು ಬ್ಯಾಂಕಿನ ಪ್ಯಾನಲ್ ವಕೀಲರು ಕೇಳುವುದಿಲ್ಲ. ವಂಶವೃಕ್ಷದಲ್ಲಿ ಹೆಸರಿದೆಯೇ, ಹಾಗಿದ್ದರೆ ಸಹಿ ಬೇಕು. ತಂದೆಯ ಸ್ವಂತ ಗಳಿಕೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಮೊದಲಿನಿಂದಲೂ ಉಂಟು, 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲೂ ಸಮಪಾಲು.

ಹಾಗಾಗಿ ಸರ್ಕಾರಿ ಬ್ಯಾಂಕಿನ ಸಾಲ ನಿಮಗೆ ಹೊಂದುತ್ತದೆಯೇ ಎಂದು ತಿಳಿಯಲು ಬ್ಯಾಂಕಿಗೆ ಹೋಗಬೇಕಿಲ್ಲ, ಮನೆಯ ಬೀರು ತೆಗೆದರೆ ಸಾಕು. ಖಾತೆ ಬದುಕಿರುವವರ ಹೆಸರಿನಲ್ಲಿದೆಯೇ? ಸೈಟು ಕನ್ವರ್ಷನ್ ಆಗಿದೆಯೇ, ಬಡಾವಣೆಗೆ ಅನುಮೋದನೆ ಇದೆಯೇ? ಬೆಂಗಳೂರಾದರೆ ಎ ಖಾತೆಯೋ ಬಿ ಖಾತೆಯೋ? ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಇದೆಯೇ ಅಥವಾ ಕೈಯಲ್ಲಿರುವುದು 11-ಬಿ ಮಾತ್ರವೇ? ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ಬಿ ಖಾತೆಗೂ 11-ಬಿಗೂ ಸರ್ಕಾರಿ ಬ್ಯಾಂಕಿನಲ್ಲಿ ಬಾಗಿಲು ಮುಚ್ಚಿದಂತೆಯೇ. ಮೂಲ ಕ್ರಯಪತ್ರ ಕಳೆದಿದ್ದರೆ ಅದರದೇ ಬೇರೆ ಕಥೆ. ಆಸ್ತಿಯ ಮೇಲಿನ ಋಣಭಾರ ತೋರಿಸುವ ಇಸಿಯನ್ನು ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ತೆಗೆಯಬಹುದು. ಅದರಲ್ಲಿ ಅಜ್ಜ ಹಿಂದೆ ಯಾವುದೋ ಸೊಸೈಟಿಯಲ್ಲಿ ಮಾಡಿದ ಸಾಲ ತೀರಿಯೂ ಹಾಗೇ ನಮೂದಾಗಿ ಉಳಿದಿದ್ದರೆ, ಅದನ್ನು ಅಳಿಸಲು ಒಂದು ತಿಂಗಳು ಎಂದುಕೊಳ್ಳಿ.

ಆಸ್ತಿ ಎಂದರೆ ಮನೆಯೇ ಆಗಬೇಕಿಲ್ಲ. ನಿಶ್ಚಿತ ಠೇವಣಿ, ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯ, ಒಪ್ಪುವುದಾದರೆ ನೆಂಟರ ಮನೆ, ಇವೂ ನಡೆಯುತ್ತವೆ. ನೆಂಟರ ಮನೆ ನಡೆಯುತ್ತದೆ ಎಂದ ಮಾತ್ರಕ್ಕೆ ಕೇಳಿ ಎಂದು ನಾನು ಹೇಳುತ್ತಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಭಾರತದೊಳಗಿನ ಆಯ್ದ ಸಂಸ್ಥೆಗಳ ಓದಿಗೆ. ಹಳೆಯ ವಿದ್ಯಾಲಕ್ಷ್ಮಿ ಪೋರ್ಟಲ್ಲು ಹಲವು ಬ್ಯಾಂಕುಗಳಿಗೆ ಒಂದೇ ಅರ್ಜಿ ಹಾಕುವ ಜಾಗ. ಎರಡರ ಹೆಸರೂ ಒಂದೇ ಥರ ಇರುವುದರಿಂದ "ಮೋದಿ ಸಾಲದಲ್ಲಿ ಅಮೆರಿಕಕ್ಕೆ ಬಡ್ಡಿ ಇಲ್ವಂತೆ" ಎಂದು ಕೇಳಿಕೊಂಡು ಬಂದವರಿಗೆ ಲೆಕ್ಕವಿಲ್ಲ.

ಎನ್‌ಬಿಎಫ್‌ಸಿ: ಮನೆ ಬೇಡ, ಸಂಬಳದ ಚೀಟಿ ಬೇಕು

ಕ್ರೆಡಿಲಾ, ಅವಾನ್ಸೆ, ಆಕ್ಸಿಲೋ, ಇನ್‌ಕ್ರೆಡ್, ಇವೆಲ್ಲ ಬ್ಯಾಂಕುಗಳಲ್ಲ, ಎನ್‌ಬಿಎಫ್‌ಸಿಗಳು. ಆಸ್ತಿ ಇಲ್ಲದೆ ಸಾಲ ಕೊಡುತ್ತವೆ, ಖರ್ಚಿನ ನೂರಕ್ಕೆ ನೂರನ್ನೂ ಕೊಡುತ್ತವೆ, ಮಂಜೂರಾತಿ ಪತ್ರ ದಿನಗಳಲ್ಲೇ ಕೈ ಸೇರುತ್ತದೆ. ಕೆಲವು ಖಾಸಗಿ ಬ್ಯಾಂಕುಗಳೂ ಇದೇ ಧಾಟಿಯಲ್ಲಿ ನಡೆಯುತ್ತವೆ. ಇವರು ಅಳೆಯುವುದು ಮೂರನ್ನು: ಮಗು ಸೇರುತ್ತಿರುವ ವಿಶ್ವವಿದ್ಯಾಲಯ ಮತ್ತು ಕೋರ್ಸು, ಮಗುವಿನ ಅಂಕಗಳು, ಸಹ-ಅರ್ಜಿದಾರರ ಆದಾಯ ಮತ್ತು ಸಿಬಿಲ್ (ಹಿಂದಿನ ಸಾಲಗಳನ್ನು ತೀರಿಸಿದ ರೀತಿಗೆ ಸಿಗುವ ಅಂಕ).

ಈ ಮೂರನೆಯದು ರೈತ ಕುಟುಂಬಗಳನ್ನು ಹೊರಗಿಡುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದು ರಿಟರ್ನ್ ಹಾಕದೇ ಇರುತ್ತೇವೆ. ತೆಂಗಿನಕಾಯಿ ಮಂಡಿಯ ದುಡ್ಡು ಬಹಳಷ್ಟು ನಗದಿನಲ್ಲಿ ಬರುತ್ತದೆ. ವರ್ಷಕ್ಕೆ ಹತ್ತು ಲಕ್ಷ ಎಣಿಸುವ ಮನುಷ್ಯ ಅವರ ಕಂಪ್ಯೂಟರಿನಲ್ಲಿ ಆದಾಯವಿಲ್ಲದವನು. ನಮ್ಮ ಯಜಮಾನರನ್ನು ಒಂದು ಸಂಸ್ಥೆ ಫೋನಿನಲ್ಲೇ ಬೇಡ ಎಂದಿತ್ತು. ಅವರು ನನ್ನೆದುರು ಇದನ್ನು ಹೇಳುತ್ತಿರುವಾಗ ಮಗಳು ಮೆಲ್ಲಗೆ, "ಅಂಕಲ್, ಅಮ್ಮ ಪ್ರೈಮರಿ ಸ್ಕೂಲ್ ಟೀಚರ್" ಎಂದಳು. ಇಷ್ಟು ಹೊತ್ತು ಅಪ್ಪ ಅದನ್ನು ಬಾಯಿಬಿಟ್ಟಿರಲಿಲ್ಲ, ಮನೆಯ ಲೆಕ್ಕದಲ್ಲಿ ಅವರ ಸಂಬಳಕ್ಕೆ ಜಾಗವೇ ಇರಲಿಲ್ಲವೇನೋ. ಸರ್ಕಾರಿ ಶಿಕ್ಷಕಿ, ಇಪ್ಪತ್ತೆರಡು ವರ್ಷ ಸೇವೆ, ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರಂ 16 ಪ್ರತಿ ವರ್ಷ. ಕೊನೆಗೆ ಎನ್‌ಬಿಎಫ್‌ಸಿಯ ಬಾಗಿಲು ತೆಗೆದದ್ದು ಆ ಫಾರಂ 16. ಸಹ-ಅರ್ಜಿದಾರರು ಅಪ್ಪನೇ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ.

ಇದಕ್ಕೆ ಬೆಲೆ ಇದೆ. ಬಡ್ಡಿ ಸರ್ಕಾರಿ ಬ್ಯಾಂಕಿಗಿಂತ ಎರಡು ಮೂರು ಅಂಶ ಜಾಸ್ತಿ ಎಂದೇ ಹಿಡಿಯಿರಿ. ಪ್ರೊಸೆಸಿಂಗ್ ಶುಲ್ಕವನ್ನು ಸಾಲದ ಶೇಕಡಾವಾರು ಹಾಕುತ್ತಾರೆ, 40 ಲಕ್ಷಕ್ಕೆ ಶೇ. 1 ಎಂದರೂ 40 ಸಾವಿರ, ಅದರ ಮೇಲೆ ಜಿಎಸ್‌ಟಿ. ಓದುವಾಗಲೇ ಪೂರ್ತಿ ಬಡ್ಡಿಯನ್ನೋ ಅದರ ಒಂದು ಭಾಗವನ್ನೋ ತಿಂಗಳು ತಿಂಗಳು ಕಟ್ಟಿಸಿಕೊಳ್ಳುತ್ತಾರೆ. ಅಂದರೆ ಮಗಳು ವಿಮಾನ ಹತ್ತಿದ ಮುಂದಿನ ತಿಂಗಳಿನಿಂದಲೇ ಅಮ್ಮನ ಖಾತೆಯಿಂದ ದುಡ್ಡು ಕಡಿತ. ಸಾಲದ ಜೊತೆ ವಿಮೆಯೊಂದನ್ನು ಕಟ್ಟಿಬಿಡುವ ಚಾಳಿಯೂ ಇದೆ. ವಿಮೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಗುವಿಗೆ ಹೆಚ್ಚುಕಡಿಮೆಯಾದರೆ ಸಾಲ ತಾಯಿತಂದೆಯ ಮೇಲೆ ಬೀಳುತ್ತದೆ ಎನ್ನುವುದನ್ನು ಯಾರೂ ಬಾಯಲ್ಲಿ ಆಡಲು ಇಷ್ಟಪಡುವುದಿಲ್ಲ, ನಾನು ಆಡಿಬಿಡುತ್ತೇನೆ. ಆದರೆ ಅವರು ಹೇಳಿದ ಪಾಲಿಸಿಯನ್ನೇ ಕೊಳ್ಳುವ ಮುನ್ನ ಹೊರಗೆ ಟರ್ಮ್ ಪಾಲಿಸಿಯ ಪ್ರೀಮಿಯಂ ಎಷ್ಟಿದೆ ಎಂದು ಒಮ್ಮೆ ನೋಡಿ.

ಒಂದು ಲೆಕ್ಕ

ಎರಡಕ್ಕೂ ಇರುವ ವ್ಯತ್ಯಾಸ ಬರೀ "ಎರಡೂವರೆ ಪರ್ಸೆಂಟ್" ಎಂದರೆ ತಲೆಗೆ ಹತ್ತುವುದಿಲ್ಲ. ಯಜಮಾನರಿಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದ್ದನ್ನೇ ಇಲ್ಲಿ ಕೊಡುತ್ತೇನೆ. ದರಗಳು ಲೆಕ್ಕಕ್ಕೆ ಹಿಡಿದವು, ನಿಮ್ಮದು ಬೇರೆ ಇರಬಹುದು.

ಸಾಲ 40 ಲಕ್ಷ. ಮೊದಲ ವರ್ಷದ ಆರಂಭದಲ್ಲಿ 20, ಎರಡನೇ ವರ್ಷದ ಆರಂಭದಲ್ಲಿ 20. ಓದು ಎರಡು ವರ್ಷ, ಮೇಲೆ ಒಂದು ವರ್ಷ ಬಿಡುವು. ಶೇ. 10ರ ಸರಳ ಬಡ್ಡಿಯಲ್ಲಿ ಮೊದಲ ಕಂತಿಗೆ ಮೂರು ವರ್ಷದ 6 ಲಕ್ಷ, ಎರಡನೆಯದಕ್ಕೆ ಎರಡು ವರ್ಷದ 4 ಲಕ್ಷ. ಅಲ್ಲಿಗೆ ತೀರಿಸಲು ಕೂರುವ ದಿನ ಸಾಲ 50 ಲಕ್ಷ. ಹತ್ತು ವರ್ಷಕ್ಕೆ ಇಎಂಐ ಸುಮಾರು 66 ಸಾವಿರ. ಅದೇ ಶೇ. 12.5 ಆದರೆ ಸಾಲ 52.5 ಲಕ್ಷಕ್ಕೆ ಏರಿರುತ್ತದೆ, ಇಎಂಐ 76,800ರ ಆಸುಪಾಸು. ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ, ಹತ್ತು ವರ್ಷಕ್ಕೆ ಸುಮಾರು 13 ಲಕ್ಷ ವ್ಯತ್ಯಾಸ.

ಈಗ ಇನ್ನೊಂದು ಮಗ್ಗುಲು. ಶೇ. 12.5ರ ಸಾಲವನ್ನೇ ತೆಗೆದುಕೊಂಡು, ಬಡ್ಡಿಯನ್ನು ಆ ಮೂರು ವರ್ಷವೂ ತಿಂಗಳು ತಿಂಗಳು ಮನೆಯಿಂದ ಕಟ್ಟುತ್ತಾ ಬಂದರೆ? ಮೊದಲ ವರ್ಷ ತಿಂಗಳಿಗೆ ಸುಮಾರು 20,800, ಆಮೇಲೆ 41,700. ಕಷ್ಟವೇ. ಆದರೆ ಮಗು ತೀರಿಸಲು ಶುರು ಮಾಡುವಾಗ ಸಾಲ 40 ಲಕ್ಷವೇ ಇರುತ್ತದೆ, ಇಎಂಐ 58,500ರ ಹತ್ತಿರ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲೂ ಸ್ವಲ್ಪ ಬಿಡುತ್ತವೆ. "ಈಗೇನೂ ಕಟ್ಟಬೇಡಿ" ಎನ್ನುವುದು ಕಿವಿಗೆ ಇಂಪಾದ ಮಾತು. ನನ್ನ ಪ್ರಕಾರ ಮನೆಯಲ್ಲಿ ಒಬ್ಬರ ಸಂಬಳ ಇದ್ದರೂ ಆ ಇಂಪಿಗೆ ಮರುಳಾಗಬಾರದು. ಅರ್ಧ ಬಡ್ಡಿಯನ್ನಾದರೂ ಕಟ್ಟಿ.

ಇದರ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಇಡಿ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ಬಿಡುವ ಒಪಿಟಿ ಪರವಾನಗಿ 12 ತಿಂಗಳು, ವಿಜ್ಞಾನ-ತಂತ್ರಜ್ಞಾನದವರಿಗೆ ಇನ್ನೂ 24. ಒಟ್ಟು ಮೂರು ವರ್ಷ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಲಾಟರಿ. ಬ್ರಿಟನ್ನಿನಲ್ಲಿ ಓದಿನ ನಂತರದ ಗ್ರ್ಯಾಜುಯೇಟ್ ವೀಸಾ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವ ಸ್ನಾತಕೋತ್ತರದವರಿಗೆ 18 ತಿಂಗಳು. ಸಾಲ ಹತ್ತು ವರ್ಷದ್ದು, ಕೆಲಸದ ಪರವಾನಗಿ ಮೂರು ವರ್ಷದ್ದು. ಊರಿಗೆ ವಾಪಸ್ ಬಂದು ಬೆಂಗಳೂರಿನ ಸಂಬಳದಲ್ಲಿ 66 ಸಾವಿರ ಕಟ್ಟಬಲ್ಲಳೇ ಎನ್ನುವುದಕ್ಕೆ ಉತ್ತರ "ಹೇಗೋ ಆಗತ್ತೆ" ಎಂದಿದ್ದರೆ, ಮೊತ್ತ ಇಳಿಸಿ ಅಥವಾ ದೇಶ ಬದಲಿಸಿ.

ಡಾಲರ್ ಸಾಲ: ಅಪ್ಪನ ಸಹಿಯೂ ಬೇಡ

ಪ್ರಾಡಿಜಿ ಫೈನಾನ್ಸ್, ಎಂಪವರ್ ಫೈನಾನ್ಸಿಂಗ್ ಥರದ ಹೊರದೇಶದ ಸಂಸ್ಥೆಗಳು ಸಹ-ಅರ್ಜಿದಾರರನ್ನೂ ಕೇಳುವುದಿಲ್ಲ, ಆಸ್ತಿಯನ್ನೂ ಕೇಳುವುದಿಲ್ಲ. ತಮ್ಮ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯಗಳಿಗೆ, ಮಗುವಿನ ಮುಂದಿನ ಗಳಿಕೆಯನ್ನು ಅಂದಾಜು ಮಾಡಿ, ಡಾಲರಿನಲ್ಲಿ ಸಾಲ ಕೊಡುತ್ತವೆ. ಸಾಲ ಯಾರ ತಲೆಗೆ ಬರುತ್ತದೆ ಎಂಬ ನನ್ನ ಪ್ರಶ್ನೆಗೆ ಇದರಷ್ಟು ನೇರ ಉತ್ತರ ಬೇರೆ ಯಾವುದರಲ್ಲೂ ಇಲ್ಲ: ಮಗು ಒಬ್ಬಳೇ. ತಂದೆತಾಯಿ ಇಲ್ಲದವರಿಗೆ, ಮನೆಯವರ ಒಪ್ಪಿಗೆ ಇಲ್ಲದೆ ಹೊರಟ ಹೆಣ್ಣುಮಕ್ಕಳಿಗೆ, ಇದು ಕೆಲವೊಮ್ಮೆ ಇರುವ ಒಂದೇ ದಾರಿ.

ಬಡ್ಡಿ ಎರಡಂಕಿಯಲ್ಲಿರುತ್ತದೆ. ಡಾಲರಿನಲ್ಲಿ ಎರಡಂಕಿ ಬಡ್ಡಿ ಎಂದರೆ ರೂಪಾಯಿಯಲ್ಲಿ ಎರಡಂಕಿ ಬಡ್ಡಿಗಿಂತ ಭಾರ. ಯಾಕೆಂದು ನೋಡಿ. 2021ರಲ್ಲಿ ಡಾಲರ್ 75 ರೂಪಾಯಿ ಇದ್ದಾಗ ಊರಿನ ಬ್ಯಾಂಕಿನಲ್ಲಿ 40 ಲಕ್ಷ ಸಾಲ ಮಾಡಿ ಹೋದವನಿಗೆ ಅದು 53 ಸಾವಿರ ಡಾಲರ್. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿತು. ಅಲ್ಲೇ ಗಳಿಸುತ್ತಿದ್ದರೆ ಅದೇ 40 ಲಕ್ಷದ ಅಸಲು 90ರ ದರದಲ್ಲಿ 44 ಸಾವಿರ ಡಾಲರಿಗೆ ತೀರುತ್ತದೆ. ರೂಪಾಯಿ ಬಿದ್ದಷ್ಟೂ ಅವನಿಗೆ ಲಾಭ. ಡಾಲರಿನಲ್ಲಿ ಸಾಲ ಮಾಡಿ, ಕೆಲಸ ಸಿಗದೆ ಊರಿಗೆ ಬಂದವನ ಪಾಡು ತಿರುಗಾಮುರುಗಾ. 45 ಸಾವಿರ ಡಾಲರ್ 75ರ ದರದಲ್ಲಿ 33.75 ಲಕ್ಷ, 90ರಲ್ಲಿ 40.5 ಲಕ್ಷ, ಬಡ್ಡಿ ಬೇರೆ. ಗಳಿಕೆ ರೂಪಾಯಿಯಲ್ಲಿ, ಸಾಲ ಡಾಲರಿನಲ್ಲಿ ಎನ್ನುವ ಸ್ಥಿತಿ ನಮ್ಮ ಶತ್ರುವಿಗೂ ಬೇಡ.

ಆದ್ದರಿಂದ ಊರಿನಲ್ಲಿ ರೂಪಾಯಿ ಸಾಲ ಹುಟ್ಟುವ ಹಾಗಿದ್ದರೆ ಡಾಲರ್ ಸಾಲದ ಕಡೆ ನಾನು ತಲೆ ಹಾಕುವುದಿಲ್ಲ.

ಕೊಡುವವರು ಇದ್ದಾರೆ, ಮೊದಲೇ ಕೇಳಬೇಕು

ಸಾಲ ಬೇಡದ ಹಣವೂ ಇದೆ. ಇದರ ಬಗ್ಗೆ ಎಲ್ಲರಿಗೂ ಗೊತ್ತು ಎಂದುಕೊಂಡಿರುತ್ತೇವೆ. ನನ್ನ ಮೇಜಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಒಂದಕ್ಕೂ ಅರ್ಜಿ ಹಾಕಿರುತ್ತಿರಲಿಲ್ಲ. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರದ ಸ್ಕಾಲರ್‌ಶಿಪ್ ಸಿಕ್ಕರೆ ಫೀಸೂ ಇಲ್ಲ, ತಿಂಗಳಿಗೆ 1,400 ಯೂರೋ ಕೈಗೂ ಬರುತ್ತದೆ. ಬ್ರಿಟನ್ನಿನ ಚೀವ್ನಿಂಗ್ ಪೂರ್ತಿ ಖರ್ಚು ಕೊಡುತ್ತದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸ್ ಬರಬೇಕು. ಅಲ್ಲೇ ನೆಲೆಸುವ ಯೋಚನೆಯವರಿಗೆ ಅದು ಹೊಂದುವುದಿಲ್ಲ. ಅಮೆರಿಕದ ಫುಲ್‌ಬ್ರೈಟ್‌ನಲ್ಲೂ ವಾಪಸ್ ಬರುವ ಇದೇ ಶರತ್ತು.

ಪಿಎಚ್.ಡಿ.ಗೆ ಸಾಲ ಮಾಡಿ ಹೊರದೇಶಕ್ಕೆ ಹೋಗುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್.ಡಿ. ಎಂದರೆ ಸಾಮಾನ್ಯವಾಗಿ ಫೀಸು ಮಾಫಿ, ಮೇಲೆ ಅಸಿಸ್ಟೆಂಟ್‌ಶಿಪ್ಪಿನ ಸಂಬಳ. ಎಂ.ಎಸ್.ನವರಿಗೆ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಅದೃಷ್ಟ, ಅದನ್ನು ನಂಬಿ ಲೆಕ್ಕ ಹಾಕಬಾರದು.

ಜೆ.ಎನ್. ಟಾಟಾ ದತ್ತಿಯನ್ನು ಜಮ್‌ಶೇಟ್‌ಜಿ ಟಾಟಾ ಶುರು ಮಾಡಿದ್ದು 1892ರಲ್ಲಿ. ಅದು ಸ್ಕಾಲರ್‌ಶಿಪ್ ಎನ್ನುವ ಹೆಸರಿನ ಸಾಲ. ಮಾಜಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಆ ಹಣದಲ್ಲಿ ಲಂಡನ್ನಿಗೆ ಹೋದವರು. ಇದೇ ತಿಪಟೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರ ಹೆಸರೂ ಟಾಟಾ ವಿದ್ಯಾರ್ಥಿಗಳ ಪಟ್ಟಿಯಲ್ಲಿದೆ. ಇದನ್ನು ಹೇಳಿದಾಗ ಯಜಮಾನರು ಮೊದಲ ಸಲ ನಕ್ಕಿದ್ದರು. ಪೂರ್ತಿ ಖರ್ಚು ತುಂಬುವ ಮೊತ್ತ ಅದಲ್ಲ, ಬ್ಯಾಂಕಿನ ಮಾರ್ಜಿನ್ನಿಗೆ ಆಸರೆ. ಕೆ.ಸಿ. ಮಹೀಂದ್ರ ಟ್ರಸ್ಟಿನದು, ನರೋತ್ತಮ್ ಸೇಖ್ಸಾರಿಯಾ ಪ್ರತಿಷ್ಠಾನದ್ದು ಬಡ್ಡಿಯಿಲ್ಲದ ಸಾಲ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಕರ್ನಾಟಕದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಮತ್ತು ದೇವರಾಜ ಅರಸು ನಿಗಮಗಳಲ್ಲಿ ಹೊರದೇಶದ ಓದಿಗೆ ಸಾಲ ಯೋಜನೆಗಳಿವೆ. ಇವಕ್ಕೆಲ್ಲ ಅರ್ಜಿಯ ಕಾಲ ಕೆಲವೇ ವಾರ. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಸೈಟು ಮಾರಿ ಕಳಿಸಿದರೆ?

ಸಾಲದ ರಗಳೆಯೇ ಬೇಡ, ಇರುವ ಸೈಟು ಮಾರಿಬಿಡುತ್ತೇನೆ ಎನ್ನುವವರೂ ಇದ್ದಾರೆ. ತಪ್ಪಿಲ್ಲ. ಆದರೆ ಮಾರಿದಾಗ ಬಂಡವಾಳ ಲಾಭದ ತೆರಿಗೆ, ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಸಿಎಸ್. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ, ಅದರ ಮೇಲೆ ಸ್ವಂತ ದುಡ್ಡಿನಲ್ಲಿ ಓದಿಗೆ ಕಳಿಸಿದರೆ 2025-26ರಲ್ಲಿ ಶೇ. 5 ಇತ್ತು. 30 ಲಕ್ಷ ಕಳಿಸಿದರೆ 1 ಲಕ್ಷ ಕಡಿತ. ಈ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಕಳಿಸುವ ಮುನ್ನ ಕೇಳಿಕೊಳ್ಳಿ. ಅದು ಹೋದ ದುಡ್ಡಲ್ಲ, ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ರಿಟರ್ನೇ ಹಾಕದವರಿಗೆ ಮಾತ್ರ ಹೋದಂತೆಯೇ. ಬ್ಯಾಂಕಿನ ಅಥವಾ ಮಾನ್ಯತೆ ಇರುವ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳಿಸಿದರೆ ಟಿಸಿಎಸ್ ಇಲ್ಲ.

ಜೊತೆಗೆ 80ಇ ಎಂದೇ ಹೆಸರಾದ ಆದಾಯ ತೆರಿಗೆಯ ರಿಯಾಯಿತಿ. ಶಿಕ್ಷಣ ಸಾಲಕ್ಕೆ ಕಟ್ಟಿದ ಬಡ್ಡಿಯಷ್ಟನ್ನೂ ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು, ಮಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಸೋದರಮಾವ ಕೊಟ್ಟ ಕೈಸಾಲಕ್ಕೆ ಈ ಸವಲತ್ತು ಇಲ್ಲ. ಹೊರದೇಶದ ಸಂಸ್ಥೆಯ ಡಾಲರ್ ಸಾಲಕ್ಕೂ ಇದನ್ನು ನೆಚ್ಚಿಕೊಳ್ಳಬೇಡಿ.

ಖಾತೆಯಲ್ಲಿ ದುಡ್ಡಿದೆ ಎಂದು ತೋರಿಸಲು "ಶೋ ಮನಿ" ಕೊಡುವ ಏಜೆಂಟರಿಂದ ದೂರವಿರಿ. ವೀಸಾ ಕಚೇರಿಗೆ ಸುಳ್ಳು ಹೇಳಿದ ದಾಖಲೆ ಮಗುವಿನ ಹೆಸರಿಗೆ ಅಂಟಿಕೊಂಡರೆ ಮುಂದಿನ ಅರ್ಜಿಗಳಿಗೂ ಅದು ಕಂಟಕ.

ಇನ್ನು ಪಾರ್ಟ್‌ಟೈಮ್ ಕೆಲಸ. ಅಮೆರಿಕದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ 24, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ. ಅದು ಬಾಡಿಗೆಗೂ ಅಕ್ಕಿಬೇಳೆಗೂ ಆಯಿತು, ಫೀಸಿಗೆ ಆಗುವುದಿಲ್ಲ.

ನಾನಾಗಿದ್ದರೆ

ಕಾಗದ ಸರಿ ಇರುವ ಮನೆ ಇದ್ದು, ಹೋಗಲು ಆರು ತಿಂಗಳಿಗಿಂತ ಹೆಚ್ಚು ಸಮಯವಿದ್ದರೆ ಸರ್ಕಾರಿ ಬ್ಯಾಂಕು. ಮನೆ ಒಂದೇ ಇದ್ದು, ಅದರಲ್ಲೇ ವಯಸ್ಸಾದವರು ವಾಸವಿದ್ದು, ಕೋರ್ಸಿನ ಭವಿಷ್ಯದ ಬಗ್ಗೆ ಅನುಮಾನವಿದ್ದರೆ ಬಡ್ಡಿ ಜಾಸ್ತಿಯಾದರೂ ಆಸ್ತಿ ಇಲ್ಲದ ಸಾಲ, ಅಥವಾ ಜರ್ಮನಿಯಂಥ ಕಡಿಮೆ ಖರ್ಚಿನ ದೇಶ. ಸಮಯವಿಲ್ಲದೆ ಸಿಕ್ಕಿಬಿದ್ದವರಿಗೆ ಎರಡನ್ನೂ ಬೆಸೆಯುವ ದಾರಿಯೊಂದಿದೆ: ಮೊದಲ ಸೆಮಿಸ್ಟರಿಗೆ ಎನ್‌ಬಿಎಫ್‌ಸಿ ಸಾಲ ತೆಗೆದುಕೊಂಡು, ಮನೆಯ ಕಾಗದ ಸರಿಮಾಡಿಸಿ, ಆಮೇಲೆ ಸರ್ಕಾರಿ ಬ್ಯಾಂಕಿಗೆ ಟೇಕ್‌ಓವರ್ ಮಾಡಿಸುವುದು, ಅಂದರೆ ಸಾಲವನ್ನು ಅಲ್ಲಿಗೆ ವರ್ಗಾಯಿಸುವುದು. ಫ್ಲೋಟಿಂಗ್ ದರದ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ವ್ಯಕ್ತಿಗಳ ಮೇಲೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮೊದಲ ಸಲ ಕಟ್ಟಿದ ಪ್ರೊಸೆಸಿಂಗ್ ಶುಲ್ಕ ಮಾತ್ರ ನೀರುಪಾಲು.

ಯಜಮಾನರು ಮಾಡಿದ್ದು ಇದನ್ನೇ. ಅಮ್ಮನ ಫಾರಂ 16ರ ಮೇಲೆ ಮಗಳು ಆಗಸ್ಟಿನಲ್ಲಿ ಹೋದಳು. ತಿಪಟೂರಿನ ಮನೆಯ ಖಾತೆ ಮೂವರ ಹೆಸರಿಗೆ ಬದಲಾಗುವ ಹೊತ್ತಿಗೆ ಸಂಕ್ರಾಂತಿ ದಾಟಿತ್ತು. ಅಕ್ಕತಂಗಿಯರು, ಅಂದರೆ ಹುಡುಗಿಯ ಸೋದರತ್ತೆಯರು, ಹಕ್ಕು ಬಿಟ್ಟುಕೊಟ್ಟೇ ತೀರಬೇಕು ಎಂದು ಯಜಮಾನರು ಅಂದುಕೊಂಡಿದ್ದರು. ಬೇಕಿರಲಿಲ್ಲ. ಪಾಲು ಉಳಿಸಿಕೊಂಡೇ ಅಡಮಾನಕ್ಕೆ ಸಹಿ ಹಾಕಿದರೆ ಸಾಕಿತ್ತು, ಹಾಗೆಯೇ ಮಾಡಿದೆವು.

ಸಹಿಯ ದಿನ ಅರಸೀಕೆರೆಯ ದೊಡ್ಡತ್ತೆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ತಮ್ಮನನ್ನು ಬಿಟ್ಟು ನನ್ನನ್ನು ಕೇಳಿದರು: "ಮಗಿ ಕಟ್ಟಕ್ಕಾಗ್ದಿದ್ರೆ ಈ ಮನೆ ಏನಾಗುತ್ತೆ ಸ್ವಾಮಿ?"

ನೋಟಿಸ್, ಅರವತ್ತು ದಿನ, ಸ್ವಾಧೀನ, ಹರಾಜು, ಇದ್ದದ್ದು ಇದ್ದಂಗೆ ಹೇಳಿದೆ. ಯಜಮಾನರು ನೆಲ ನೋಡುತ್ತಿದ್ದರು. ದೊಡ್ಡತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ತೋರಿಸಿದ ಕಡೆಯೆಲ್ಲ ಸಹಿ ಮಾಡಿದರು. ಹೊರಡುವಾಗ ಪ್ರತಿ ಪುಟದ ಜೆರಾಕ್ಸ್ ಕೇಳಿ ಪಡೆದು, ಎಣಿಸಿ, ಮಡಿಸಿ, ತಮ್ಮ ಚೀಲದಲ್ಲಿಟ್ಟುಕೊಂಡರು.